ಈ ಸೊಪ್ಪು ವೆಜ್ಜೇ ತಾನೆ?

ಪಾಲಕ್ ಸೊಪ್ಪು ಸಸ್ಯಾಹಾರ ಹೌದೋ ಅಲ್ಲವೋ ಅಂತ ಈ ವಾರ ನಮ್ಮ ಮನೆಯಲ್ಲಿ ನಡೆದಷ್ಟು ಚರ್ಚೆ ಬೇರೆಲ್ಲೂ ನಡೆದಿರಲಿಕ್ಕಿಲ್ಲ. ಕಾರಣ ಪಕ್ಕದ ಮನೆ ಆಂಟಿ. ಹಿತ್ತಲಿನ ಅಕ್ವಾಪಾನಿಕ್ಸ್‌ನಲ್ಲಿ, ಅಂದ್ರೆ ಮೀನು ಸಾಕಿದ ನೀರಲ್ಲೇ ಗಿಡ ಬೆಳೆಸೋ ಏರ್ಪಾಡಿನಲ್ಲಿ, ಬೆಳೆದ ಮೊದಲ ಪಾಲಕ್ ಕಟ್ಟನ್ನು ಮಂಗಳವಾರ ಕಾಂಪೌಂಡ್ ಗೋಡೆ ಮೇಲಿಂದ ಅವರ ಕೈಗೆ ಕೊಟ್ಟೆ. ಅವರು ಎಲೆ ಮೂಸಿ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಅಲ್ಲಮ್ಮಾ, ಈ ಸೊಪ್ಪು ವೆಜ್ಜೇ ತಾನೆ?"

"ವೆಜ್ಜೇ ಆಂಟಿ. ಪಾಲಕ್ ಅಲ್ವಾ?"

"ಪಾಲಕ್ ಅಂತ ಗೊತ್ತು ಕಣಮ್ಮಾ. ಆ ನೀರು..." ಅಂದು ಅಲ್ಲಿಗೇ ನಿಲ್ಲಿಸಿದರು. ಕಟ್ಟನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಒಳಗೆ ಹೋದರು. ಆ ಎರಡು ಬೆರಳು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಆ ನೀರಿನ ಕಥೆ ಹೇಳ್ತೀನಿ. ಹಿತ್ತಲಲ್ಲಿ ಇನ್ನೂರು ಲೀಟರಿನ ನೀಲಿ ಡ್ರಮ್ ಇದೆ. ಅದರಲ್ಲಿ ಮೀನು. ಇನ್ನೊಂದು ಡ್ರಮ್ಮನ್ನು ಉದ್ದಕ್ಕೆ ಸೀಳಿ, ಜಲ್ಲಿ ತುಂಬಿಸಿ, ಸಿಮೆಂಟ್ ಬ್ಲಾಕ್ ಮೇಲೆ ಎತ್ತರಕ್ಕೆ ಕೂರಿಸಿದ್ದೇವೆ. ಅದರಲ್ಲಿ ಗಿಡ. ಪುಟ್ಟ ಪಂಪ್ ಒಂದು ಮೀನಿನ ನೀರನ್ನು ಜಲ್ಲಿಗೆ ಎತ್ತುತ್ತದೆ. ಜಲ್ಲಿಯಲ್ಲಿ ಸೋಸಿದ ನೀರು ವಾಪಸ್ ಮೀನಿಗೇ ಬರುತ್ತದೆ. ಮಣ್ಣಿಲ್ಲ, ಗೊಬ್ಬರದ ಚೀಲವೂ ಇಲ್ಲ. ಆವಿಯಾಗಿ ಹೋದಷ್ಟು, ಗಿಡ ಕುಡಿದಷ್ಟು ನೀರನ್ನು ತುಂಬಿಸಿದರೆ ಸಾಕು.

ನಮ್ಮೆಜಮಾನರಿಗೆ ಇದನ್ನು ಟೆರೇಸ್ ಮೇಲೆ ಇಡೋ ಆಸೆ ಇತ್ತು. ಬಿಸಿಲು ಚೆನ್ನಾಗಿ ಬೀಳುತ್ತೆ ಅಂತ. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ, ಜಲ್ಲಿ ಅದಕ್ಕಿಂತ ಭಾರ. ಜನ ಓಡಾಡೋ ಮಾಳಿಗೆಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯೋದು ಚದರ ಮೀಟರಿಗೆ ಸುಮಾರು 150 ಕೆಜಿ. ಇನ್ನೂರು ಲೀಟರಿನ ಡ್ರಮ್ ನಿಲ್ಲೋದು ಅರ್ಧ ಚದರ ಮೀಟರ್ ಜಾಗವೂ ಇಲ್ಲದ ಕಡೆ. ಅದೂ ಬಾಡಿಗೆ ಮನೆ. ಹಿತ್ತಲೇ ಸಾಕು ಅಂದೆ.

ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಇಷ್ಟವಾದದ್ದು ಬೆಲ್ ಸೈಫನ್. ಜಲ್ಲಿಯ ನಡುವೆ ಒಂದು ಪೈಪು, ಅದರ ಮೇಲೆ ಗಂಟೆಯ ಹಾಗೆ ಬೋರಲು ಹಾಕಿದ ಇನ್ನೊಂದು ದಪ್ಪ ಪೈಪು, ಅಷ್ಟೇ. ನೀರು ಒಂದು ಮಟ್ಟಕ್ಕೆ ಏರೋವರೆಗೆ ಸುಮ್ನಿರುತ್ತೆ. ಏರಿತೋ, ಒಮ್ಮೆಲೇ ಗೊಳಗೊಳ ಅಂತ ಎಲ್ಲಾ ನೀರನ್ನೂ ಎಳೆದು ಕೆಳಗೆ ಸುರಿಯುತ್ತೆ. ನೀರು ಇಳಿದ ಜಾಗಕ್ಕೆ ಗಾಳಿ ನುಗ್ಗುತ್ತೆ. ಬೇರಿಗೆ ಉಸಿರಾಡೋಕೆ ಅದೇ ಬೇಕಾಗಿರೋದು. ಕರೆಂಟು, ಸ್ವಿಚ್ಚು, ಟೈಮರ್ ಯಾವುದೂ ಈ ಕೆಲಸಕ್ಕೆ ಬೇಡ. ಪೈಪ್ ಜೋಡಿಸೋಕೆ ಬಂದ ಪ್ಲಂಬರ್ ಇದನ್ನು ಒಂದು ಸಲ ನೋಡಿದವನೇ, "ಮೇಡಂ, ಫ್ಲಶ್ ಮಾಡಿದಾಗ ಕಮೋಡ್ ನೀರು ಎಳ್ಕೊಳ್ಳೋದೂ ಹಿಂಗೇ ಅಲ್ವಾ?" ಅಂದ. ಹೌದು, ಅದೇ ತತ್ವ. ನಾನು ಎಷ್ಟೋ ವೀಡಿಯೊ ನೋಡಿ ತಲೆ ಕೆಡಿಸಿಕೊಂಡಿದ್ದೆ. ಅವನಿಗೆ ನೋಡಿದ ಕೂಡಲೇ ಹೊಳೆಯಿತು. ಈ ಇಡೀ ಕಥೆಯಲ್ಲಿ ಬುದ್ಧಿವಂತ ಯಾರು ಅಂದ್ರೆ ನಾನು ಅವನ ಕಡೆಗೇ ಕೈ ತೋರಿಸ್ತೀನಿ.

ಆಂಟಿಗೆ ಮೊದಲಿಂದಲೂ ಕುತೂಹಲ. ಡ್ರಮ್ ಬಂದ ದಿನವೇ ಗೋಡೆ ಹತ್ತಿರ ನಿಂತು ನೋಡಿದ್ದರು. ಆಮೇಲೆ ವಾರಗಟ್ಟಲೆ ದಿನಾ ಒಂದೇ ಮಾತು: "ಮೀನೆಲ್ಲಮ್ಮಾ?" ಮೀನು ಇರಲಿಲ್ಲ. ಮೊದಲು ನೀರು ಪಳಗಬೇಕು. ಮೀನಿನ ಆಹಾರವನ್ನೇ ಚಿಟಿಕೆಯಷ್ಟು ನೀರಿಗೆ ಹಾಕಿ ಕೊಳೆಯೋಕೆ ಬಿಡೋದು. ಕೊಳೆತರೆ ಅಮೋನಿಯಾ ಹುಟ್ಟುತ್ತೆ. ಅಮೋನಿಯಾ ಮೀನಿಗೆ ವಿಷ. ಅದನ್ನು ತಿನ್ನೋ ನೈಟ್ರೊಸೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ತಾನಾಗಿಯೇ ಬಂದು ಜಲ್ಲಿಗೆ ಅಂಟಿಕೊಂಡು ನೈಟ್ರೈಟ್ ಮಾಡುತ್ತೆ. ಅದೂ ಮೀನಿಗೆ ವಿಷವೇ. ಆಮೇಲೆ ನೈಟ್ರೊಸ್ಪೈರಾದಂಥ ಇನ್ನೊಂದು ಗುಂಪು ಬಂದು ಅದನ್ನು ನೈಟ್ರೇಟ್ ಮಾಡುತ್ತೆ. ಆಗ ಗಿಡಕ್ಕೆ ಊಟ ಸಿದ್ಧ. ಇದಕ್ಕೆಲ್ಲ ನಾಲ್ಕರಿಂದ ಆರು ವಾರ ಬೇಕು. ಅಲ್ಲೀವರೆಗೆ ಖಾಲಿ ನೀರು ಸುಮ್ನೆ ಮೇಲೆ ಕೆಳಗೆ ತಿರುಗ್ತಾ ಇರುತ್ತೆ. ನಾನು ದಿನಾ ಸಂಜೆ ಪುಟ್ಟ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಔಷಧಿ ಹನಿ ಹಾಕಿ, ಬಣ್ಣ ನೋಡ್ತಾ ನಿಲ್ಲೋಳು. ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ನೈಟ್ರೈಟ್ ಇದ್ದರೆ ನೇರಳೆ. ಬೀದಿಯವರಿಗೆಲ್ಲ ನಾನೊಂದು ತಮಾಷೆ. ಮೀನಿಲ್ಲದ ನೀರಿಗೆ ಮೇವು ಹಾಕೋ ಹೆಂಗಸು.

ಮೀನು ಯಾವುದು ಅನ್ನೋದರಲ್ಲೂ ಒಂದು ಪಾಠ ಆಯಿತು. ವಿದೇಶದ ವೀಡಿಯೊಗಳಲ್ಲಿ ಎಲ್ಲರೂ ತಿಲಾಪಿಯಾ ಸಾಕ್ತಾರೆ. ನಮ್ಮ ಕಡೆ ಮಾರ್ಕೆಟ್‌ನಲ್ಲಿ ಜಿಲೇಬಿ ಮೀನು ಅಂತಾರಲ್ಲ, ಅದೇ. 1952ರಲ್ಲಿ ದೇಶಕ್ಕೆ ತಂದು ಬಿಟ್ಟ ಈ ಮೀನು ಸಿಕ್ಕಸಿಕ್ಕ ಕೆರೆಯಲ್ಲೆಲ್ಲ ಸಂಸಾರ ಹೂಡಿ ಬೇರೆ ಮೀನುಗಳ ಜಾಗ ತಿಂದಿದೆ. ಹಾಗಾಗಿ ಈಗ ಸಾಕಬೇಕಂದ್ರೆ ಅನುಮತಿ ಬೇಕು. ನಾನು ಗೆಂಡೆ ಮರಿ ತಂದೆ. ಕಡಿಮೆ ನೀರಿದೆ ಅಂತ ಬೆರಳೆಣಿಕೆಯಷ್ಟೇ. ನೋಡೋಕಲ್ಲ, ದೊಡ್ಡದಾದ ಮೇಲೆ ತಿನ್ನೋಕೆ. ಇದನ್ನು ನಾನು ಯಾರ ಹತ್ರವೂ ಮುಚ್ಚಿಟ್ಟಿಲ್ಲ. ಮೀನು ಬಂದ ದಿನ ಆಂಟಿ ಗೋಡೆ ಮೇಲಿಂದ ಬಗ್ಗಿ, "ಮುದ್ದಾಗಿವೆ" ಅಂದರು. ತಾವು ಶೃಂಗೇರಿಗೆ ಹೋದಾಗ ತುಂಗೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿದ್ದನ್ನು ನೆನಪಿಸಿಕೊಂಡರು. ಅವು ಹೇಗೆ ಮೆಟ್ಟಿಲವರೆಗೂ ಬರ್ತವೆ, ಎಷ್ಟು ದೊಡ್ಡವು, ಎಲ್ಲಾ ಹೇಳಿದರು. ಅದೇ ನೀರಲ್ಲಿ ಕಾಲು ತೊಳೆದು, ಅದೇ ನೀರನ್ನು ತಲೆಗೆ ಚಿಮುಕಿಸಿಕೊಂಡು ಬಂದಿದ್ದಾರೆ. ಇದನ್ನು ನಾನು ಆಗ ಯೋಚಿಸಲಿಲ್ಲ. ಮಂಗಳವಾರದ ಮೇಲೆ ಯೋಚಿಸಿದೆ.

ಆಂಟಿ ಒಳ್ಳೆಯವರು. ಇದನ್ನು ಸುಮ್ನೆ ಬಾಯಿಮಾತಿಗೆ ಹೇಳ್ತಿಲ್ಲ. ನನಗೆ ಜ್ವರ ಬಂದಾಗ ಸಾರು ಮಾಡಿ ಕಳಿಸಿದವರು. ಹಬ್ಬಕ್ಕೆ ಅವರ ಕೋಡುಬಳೆ ಬರದೆ ಇರೋದಿಲ್ಲ. ನಾನು ತುಂಬಿಸಿ ಕಳಿಸೋ ಡಬ್ಬಿ ಮಾತ್ರ ಅವರ ಮನೆಯಲ್ಲಿ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ. ಕೇಳಿಲ್ಲ. ಹಣ್ಣು ಕೊಟ್ಟರೆ ಖುಷಿಯಾಗಿ ತಗೋತಾರೆ. ಅದಕ್ಕೇ ಸೊಪ್ಪೂ ಹಣ್ಣಿನ ಹಾಗೇ ಅಂದುಕೊಂಡಿದ್ದೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಈ ಮಾತು ಬಂತು. ನಮ್ಮೆಜಮಾನರು, "ಬ್ಯಾಕ್ಟೀರಿಯಾ ವೆಜ್ಜಾ ನಾನ್‌ವೆಜ್ಜಾ ಅಂತ ವಾಪಸ್ ಕೇಳಬೇಕಿತ್ತು" ಅಂದು ನಕ್ಕು ಕೈ ತೊಳೆದುಕೊಂಡರು. ಅವರಿಗೆ ಎಲ್ಲವೂ ನಗೆಚಾಟಿಕೆ. ನನಗೆ ನಿದ್ದೆ ಬರಲಿಲ್ಲ. ಆಂಟಿಗೆ ಏನು ಹೇಳಬಹುದಿತ್ತು ಅಂತ ಕತ್ತಲಲ್ಲಿ ಒಂದು ಭಾಷಣವನ್ನೇ ತಯಾರು ಮಾಡಿದೆ. ಆಂಟಿ, ಸಗಣಿ ಹಾಕಿದರೂ, ಯೂರಿಯಾ ಹಾಕಿದರೂ, ಮೀನು ಹೇತರೂ ಪಾಲಕ್ ಹೀರಿಕೊಳ್ಳೋದು ಹೆಚ್ಚಾಗಿ ಅದೇ ನೈಟ್ರೇಟ್. ನಿಮ್ಮ ಮಣ್ಣಿನಲ್ಲೂ ಇದೇ ಬ್ಯಾಕ್ಟೀರಿಯಾಗಳೇ ಕೆಲಸ ಮಾಡೋದು. ನಿಮ್ಮ ಗುಲಾಬಿಗೆ ನರ್ಸರಿಯಿಂದ ತಂದು ಹಾಕ್ತೀರಲ್ಲ ಬೋನ್ ಮೀಲ್, ಅದು ಯಾವುದರ ಮೂಳೆ ಅಂತ ಯೋಚಿಸಿದ್ದೀರಾ? ಬೆಂಗಳೂರಿನ ವೃಷಭಾವತಿ ಕಣಿವೆಯಲ್ಲಿ ಚರಂಡಿ ಸೇರಿದ ನೀರಲ್ಲೇ ತರಕಾರಿ ಬೆಳೀತಾರೆ, ಅದು ವೆಜ್ಜಾ? ನನ್ನ ಗಿಡಕ್ಕೆ ನಾನು ಹುಳದ ಔಷಧಿ ಹೊಡೆಯೋ ಹಾಗೇ ಇಲ್ಲ, ಹೊಡೆದರೆ ಕೆಳಗಿರೋ ಮೀನು ಸಾಯುತ್ತೆ. ನನ್ನ ಸೊಪ್ಪಿಗೆ ಆ ಮೀನುಗಳೇ ಕಾವಲು.

ಒಳ್ಳೆ ಭಾಷಣ. ಬೆಳಿಗ್ಗೆ ಅಷ್ಟೂ ನೀರಿಳಿದು ಹೋಗಿತ್ತು.

ಅಮ್ಮನಿಗೆ ಫೋನ್ ಮಾಡಿದೆ. ನಮ್ಮದು ಕುಮಟಾ ಕಡೆ. ಅಘನಾಶಿನಿ ಸಮುದ್ರ ಸೇರೋ ಹತ್ತಿರ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೀತಾರೆ. ಉಪ್ಪುನೀರು ತಡೆಯೋ ಭತ್ತ ಅದು. ಕೊಯ್ಲಾದ ಮೇಲೆ ಹೊಳೆಯ ಉಪ್ಪುನೀರನ್ನು ಗದ್ದೆಗೆ ಬಿಡ್ತಾರೆ. ನೀರಿನ ಜೊತೆ ಸೀಗಡಿ, ಮೀನು ಒಳಗೆ ಬರ್ತವೆ. ಉಳಿದ ಕೂಳೆ ಕೊಳೆತು ಅವಕ್ಕೆ ಮೇವಾಗುತ್ತೆ. ಅವುಗಳ ಹೊಲಸು ಮುಂದಿನ ಭತ್ತಕ್ಕೆ ಗೊಬ್ಬರ. ಬೇರೆ ಗೊಬ್ಬರ ಹಾಕೋ ರೂಢಿಯೇ ಇಲ್ಲ. ನಾನು ಪಂಪು, ಪೈಪು, ಟೆಸ್ಟ್ ಕಿಟ್ ಅಂತ ದುಡ್ಡು ಸುರಿದು ಮಾಡಿದ್ದನ್ನು ಅಲ್ಲಿ ಉಬ್ಬರ ಇಳಿತಗಳೇ ಪುಕ್ಕಟೆ ಮಾಡ್ತವೆ.

ಅಮ್ಮ ಎಲ್ಲಾ ಕೇಳಿಸಿಕೊಂಡು, "ಹಂಗಾರೆ ನಾವು ಉಂಡ ಕಗ್ಗದ ಅನ್ನ ಎಂತದು?" ಅಂದಳು. ಆಮೇಲೆ, "ಮೀನಿಗೆ ಎಂತಾ ಹಾಕ್ತೆ ನೀನು?" ಅಂತ ಕೇಳಿದಳು. ಅಂಗಡಿಯಿಂದ ತಂದ ಗುಳಿಗೆ ಅಂದೆ. ಅದರಲ್ಲಿ ಎಂತಾ ಇರ್ತದೆ? ಪ್ಯಾಕೆಟ್ ತಿರುಗಿಸಿ ಓದಿದೆ. ಪಟ್ಟಿಯಲ್ಲಿ ಮೊದಲು ಇದ್ದದ್ದೇ ಫಿಶ್ ಮೀಲ್. ಅಂದ್ರೆ ಒಣಗಿಸಿ ಪುಡಿ ಮಾಡಿದ ಮೀನು. ನಮ್ಮ ಕರಾವಳಿಯ ಫಿಶ್ ಮೀಲ್ ಕಾರ್ಖಾನೆಗಳಿಗೆ ರಾಶಿ ರಾಶಿ ಹೋಗೋದು ತಾರ್ಲೆ. ಮಂಗಳೂರು ಕಡೆಯವರು ಬೂತಾಯಿ ಅಂತಾರೆ. ಅಮ್ಮ ಮಸಾಲೆ ಸವರಿ ಕಾವಲಿ ಮೇಲೆ ಹುರಿಯೋ ಅದೇ ತಾರ್ಲೆ. ಈ ಪ್ಯಾಕೆಟ್ಟಿನದು ಯಾವ ಊರಿನ ಮೀನೋ. ತಾರ್ಲೆಯೇ ಆಗಿದ್ದರೆ ಅದು ಪುಡಿಯಾಗಿ, ಗುಳಿಗೆಯಾಗಿ, ಮೈಸೂರಿಗೆ ಬಂದು, ಗೆಂಡೆ ಹೊಟ್ಟೆ ಸೇರಿ, ಜಲ್ಲಿ ದಾಟಿ, ಪಾಲಕ್ ಆಗಿ, ಆಂಟಿ ಅಡುಗೆಮನೆ ತಲುಪಿದೆ. ಅಮ್ಮ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಇದನ್ನು ಆಂಟಿಗೆ ಹೇಳೋ ಧೈರ್ಯ ಮಾತ್ರ ನನಗಿಲ್ಲ.

ನಗು ನಿಂತ ಮೇಲೆ ಅಮ್ಮ, "ನಿಂಗೆ ಬೇಜಾರಾದದ್ದು ಸೊಪ್ಪಿಗಲ್ಲ ಬಿಡು" ಅಂದಳು. ಸರಿಯಾಗಿ ಮುಟ್ಟಿ ಹೇಳಿದಳು.

ಈ ಊರಿಗೆ ಬಂದಾಗ ಬಾಡಿಗೆ ಮನೆ ಹುಡುಕಿದ್ದು ನೆನಪಾಯಿತು. ಫೋನ್ ಎತ್ತಿದ ಕೂಡಲೇ ಕೇಳೋರು, "ವೆಜ್ಜಾ?" ಅಲ್ಲ ಅಂದ್ರೆ ಮನೆ ಆಗಲೇ ಕೊಟ್ಟಾಗಿರ್ತಿತ್ತು. ಅದೇ ಮನೆಯ ಬೋರ್ಡು ಮರುವಾರವೂ ಗೇಟಿಗೆ ನೇತಾಡ್ತಿರ್ತಿತ್ತು. ಒಬ್ಬರು ಮಾತ್ರ ಮನೆಯೆಲ್ಲ ತೋರಿಸಿ, ಅಡ್ವಾನ್ಸ್ ಮಾತಾಡಿ, ಕೊನೆಗೆ ನಮ್ಮ ಅಡ್ಡಹೆಸರು ಕೇಳಿ ಸುಮ್ಮನಾದರು. ಅವರಿಗೆ ತಿಳಿಯಬೇಕಿದ್ದದ್ದು ಊಟದ ವಿಷಯ ಅಲ್ಲವೇ ಅಲ್ಲ. ಈಗಿನ ಮನೆ ಓನರ್ ಅದೇನೂ ಕೇಳಲಿಲ್ಲ, ಬಾಡಿಗೆ ಒಂದನೇ ತಾರೀಕು ಬರಬೇಕು ಅಂದರು ಅಷ್ಟೇ. ಆದರೂ ಮೊದಮೊದಲು ಮೀನು ಹುರಿಯುವಾಗ ನಾನು ಅಡುಗೆಮನೆ ಕಿಟಕಿ ಮುಚ್ಚುತ್ತಿದ್ದೆ. ಯಾರೂ ಮುಚ್ಚು ಅಂದಿರಲಿಲ್ಲ.

ಅದಕ್ಕೇ ಇರಬೇಕು, ಹಿತ್ತಲಲ್ಲಿ ಮೀನು ಡ್ರಮ್ ಇಟ್ಟದ್ದು ನನಗೆ ಅಷ್ಟು ಖುಷಿ ಕೊಟ್ಟದ್ದು. ಅಲ್ಲಿ ಎಲ್ಲವೂ ಬಟಾಬಯಲು. ಮೀನು ಏನು ತಿಂತು, ಎಲ್ಲಿ ಹೇತಿತು, ಅದು ಯಾವ ಪೈಪಿನಲ್ಲಿ ಹತ್ತಿ ಯಾವ ಎಲೆಗೆ ಹೋಯಿತು, ನಿಂತು ನೋಡಬಹುದು. ಅಂಗಡಿ ಪಾಲಕ್‌ಗೆ ಈ ಕಷ್ಟ ಇಲ್ಲ. ಅದರ ಹಿಂದೆ ಏನಿದೆ ಅಂತ ಯಾರಿಗೂ ಕಾಣೋದಿಲ್ಲ. ಬೋನ್ ಮೀಲ್ ಬೆಳ್ಳಗೆ ಪುಡಿಯಾಗಿ ಚಂದದ ಪ್ಯಾಕೆಟ್ಟಲ್ಲಿ ಬರುತ್ತೆ, ಗುಲಾಬಿಗೆ ಬೀಳುತ್ತೆ, ಆ ಗುಲಾಬಿ ದೇವರ ತಲೆ ಮೇಲೆ ಕೂರುತ್ತೆ. ಕಣ್ಣಿಗೆ ಬೀಳದ ತನಕ ಯಾವುದಕ್ಕೂ ಮೈಲಿಗೆ ಇಲ್ಲ. ಆಂಟಿಯೊಬ್ಬರನ್ನೇ ಹೇಳ್ತಿಲ್ಲ. ಫಿಶ್ ಮೀಲ್ ಅನ್ನೋದನ್ನು ಓದೋವರೆಗೆ ನಾನೂ ಆ ಗುಳಿಗೆಯನ್ನು ಬರೀ ಗುಳಿಗೆ ಅಂತಲೇ ಹಾಕ್ತಿದ್ದೆ. ಸಮುದ್ರದಲ್ಲಿ ಬಲೆ ಬೀಸಿ ಹಿಡಿದ ಮೀನನ್ನು ಪುಡಿ ಮಾಡಿ ಹಿತ್ತಲಿನ ಮೀನಿಗೆ ಹಾಕಿ, ಇದು ಪರಿಸರಕ್ಕೆ ಒಳ್ಳೇದು ಅಂತ ಬೀಗೋದೂ ಸ್ವಲ್ಪ ಜಾಸ್ತಿಯೇ ಆಯ್ತು.

ಇತ್ತ ಪಾಲಕ್ ಹೊಸ ಎಲೆಗಳು ಹಳದಿಯಾಗ್ತಿವೆ. ನರ ಮಾತ್ರ ಹಸಿರು. ಕಬ್ಬಿಣ ಸಾಲದು ಅಂತ ಅದರ ಅರ್ಥ. ಗುಳಿಗೆ ತಿಂದ ಮೀನಿನಿಂದ ಗಿಡಕ್ಕೆ ಬೇಕಾದಷ್ಟು ಕಬ್ಬಿಣ ಸಿಗೋದಿಲ್ಲ. ಅದಕ್ಕೆ ಚೀಲೇಟೆಡ್ ಕಬ್ಬಿಣ ಅಂತ ಕೆಂಪು ಪುಡಿ ಸಿಗುತ್ತೆ, ಚೂರೇ ಚೂರು ನೀರಿಗೆ ಹಾಕಬೇಕು. ಶುಕ್ರವಾರ ಅದನ್ನು ಕಲಸ್ತಿರುವಾಗ ಗೇಟು ಶಬ್ದವಾಯಿತು. ಆಂಟಿ ಮೊದಲ ಸಲ ನಮ್ಮ ಹಿತ್ತಲಿಗೇ ಬಂದಿದ್ದರು. ಡ್ರಮ್ಮಿನ ಸುತ್ತ ಒಂದು ಸುತ್ತು ಹಾಕಿದರು. ಸೈಫನ್ ಗೊಳಗೊಳ ಅಂದಾಗ ಬೆಚ್ಚಿ ಹಿಂದೆ ಸರಿದು, ತಾವೇ ನಕ್ಕರು.

"ಆ ಪಾಲಕ್ಕು ಕೆಲಸದವಳಿಗೆ ಕೊಟ್ಟೆ ಕಣಮ್ಮಾ" ಅಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ನಂಗೇನಿಲ್ಲ. ಆದ್ರೆ ಮನೇಲಿ ದೇವರ ಪೂಜೆ, ಇವರದ್ದು ಸ್ವಲ್ಪ..." ಮತ್ತೆ ಅರ್ಧಕ್ಕೇ ನಿಲ್ಲಿಸಿದರು.

"ಪರವಾಗಿಲ್ಲ ಆಂಟಿ."

"ಪುದೀನ ಮಾತ್ರ ತುಂಬ ಚೆನ್ನಾಗಿ ಬಂದಿದೆ ನೋಡು. ಬೇರಿರೋದು ನಾಕು ಕಡ್ಡಿ ಕೊಡ್ತೀಯಾ? ನಮ್ಮ ಕುಂಡದಲ್ಲಿ ನೆಟ್ಕೊಂಡ್ರೆ ನಮ್ದೇ ಆಗುತ್ತಲ್ಲಾ."

ಜಲ್ಲಿ ಸರಿಸಿ ನಾಲ್ಕು ಕಡ್ಡಿ ಬೇರು ಸಮೇತ ಕಿತ್ತು ಕೊಟ್ಟೆ. ಗುಲಾಬಿ ಪಕ್ಕದ ಕುಂಡ ಖಾಲಿ ಇದೆ, ಅಲ್ಲಿ ಒಳ್ಳೆ ಗೊಬ್ಬರ ಹಾಕಿಟ್ಟಿದ್ದೀನಿ ಅಂದರು. ಹೋಗೋ ಮುಂಚೆ ಬೇರಿಗೆ ಅಂಟಿದ್ದ ನೀರನ್ನೆಲ್ಲ ಒಂದು ಹನಿ ಬಿಡದೆ ನಮ್ಮ ಡ್ರಮ್ಮಿನ ಮೇಲೇ ಒದರಿದರು.