ಅಜ್ಜಿ ಊರಿನ ಗುಡ್ಡೆ ನೀರು ಎಲ್ಲಿಡುತ್ತದೆ?

“ಅಪ್ಪಾ, ಅಜ್ಜಿ ಊರಿನ ಗುಡ್ಡೆ ನೀರು ಎಲ್ಲಿ ಇಟ್ಟುಕೊಳ್ಳುತ್ತದೆ?”

ಮೇ ಕೊನೆಯ ಶನಿವಾರ ಮಗಳು ಹೀಗೆ ಕೇಳಿದಾಗ ನಾವು ಸ್ನೋಕ್ವಾಲ್ಮಿ ಪಾಸ್ ಹತ್ತಿರ ಸ್ನೋ ಲೇಕ್ ದಾರಿಯಲ್ಲಿದ್ದೆವು. ಕೆಳಗೆ ಸಿಯಾಟಲ್‌ನಲ್ಲಿ ಒಳ್ಳೆ ಬಿಸಿಲು. ಒಂದು ಗಂಟೆ ಕಾರಲ್ಲಿ ಬಂದರೆ ಇಲ್ಲಿ ಹಿಮ ಇನ್ನೂ ಕರಗಿಲ್ಲ. ಏರು ಮುಗಿಯುವ ಜಾಗ ಸುಮಾರು 4,400 ಅಡಿ. ಹೆಚ್ಚುಕಡಿಮೆ ನಮ್ಮ ಕೊಡಚಾದ್ರಿಯಷ್ಟೇ ಎತ್ತರ, ಅಷ್ಟೇ.

ಬೆಳಿಗ್ಗೆ ಹಿಮ ಗಟ್ಟಿ ಇರುತ್ತದೆ. ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡರೆ ಆರಾಮಾಗಿ ನಡೆಯಬಹುದು. ಬಿಸಿಲು ಏರಿದ ಮೇಲೆ ಮೆತ್ತಗಾಗುತ್ತದೆ. ಬಂಡೆ ಪಕ್ಕ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಒಂದು ಕಡೆ ಹಿಮದ ಹಾಸು ಒಡೆದಿತ್ತು. ಅದರ ಅಂಚಿಗೆ ಮರದ ಸೂಜಿ ಎಲೆಗಳು ಅಂಟಿಕೊಂಡಿದ್ದವು. ಒಂದೊಂದು ಎಲೆಯ ತುದಿಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಅಡಿಯಲ್ಲಿ ಕಣ್ಣಿಗೆ ಕಾಣದ ತೊರೆಯ ಸದ್ದು. ಅಂಥ ಹಾಸು ಯಾವಾಗ ಕುಸಿಯುತ್ತದೋ ಹೇಳಲಾಗದು. ಅಲ್ಲಿಂದಲೇ ವಾಪಸ್ ಹೊರಟೆವು.

ಇದೇ ಹಿಮ ಬೇಸಿಗೆಗೆ ನೀರು ಅಂತ ಅವಳಿಗೆ ಹೇಳುತ್ತಿದ್ದೆ. ಇಲ್ಲಿ ಜುಲೈ, ಆಗಸ್ಟ್‌ನಲ್ಲಿ ಮಳೆ ತೀರಾ ಕಡಿಮೆ. ಚಳಿಗಾಲದಲ್ಲಿ ಬಿದ್ದದ್ದು ನಿಧಾನವಾಗಿ ಕರಗಿ ಹೊಳೆ ಸೇರುತ್ತದೆ. ನಮ್ಮ ಮನೆಯ ನಲ್ಲಿಗೆ ಬರುವುದೂ ಇದೇ ಪರ್ವತ ಸಾಲಿನ ಸೀಡರ್, ಟೋಲ್ಟ್ ನದಿಗಳ ನೀರು. ಆಗಲೇ ಅವಳು ಆ ಪ್ರಶ್ನೆ ಕೇಳಿದ್ದು.

ಹಿಂದಿನ ರಾತ್ರಿ ಅಮ್ಮ ಉಡುಪಿಯಿಂದ ವಿಡಿಯೋ ಕಾಲ್ ಮಾಡಿದ್ದರು. “ಬಾವಿ ತಳ ಕಂಡಿತು ಮಗಾ. ಕೊಡಪಾನ ಅರ್ಧ ಮುಳುಗಿದರೆ ಹೆಚ್ಚು. ಸೆಕೆ ಅಂದರೆ ಸೆಕೆ” ಅಂದಿದ್ದರು. ಮಗಳು ಅದನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದಾಳೆ.

ಉಡುಪಿಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಸಿಯಾಟಲ್‌ಗೆ ಅದರ ಕಾಲು ಭಾಗ. ಆದರೂ ಮೇ ಬಂತೆಂದರೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ಎಷ್ಟು ನೀರು ಉಳಿದಿದೆ ಅಂತ ಪೇಪರ್ ನೋಡಬೇಕು. ಮಂಗಳೂರಿನವರು ತುಂಬೆ ಅಣೆಕಟ್ಟಿನ ಮಟ್ಟ ನೋಡುತ್ತಾರೆ. ಇಷ್ಟು ಮಳೆ ಬೀಳುವ ಊರಿಗೆ ಟ್ಯಾಂಕರ್ ಬರುವುದು ನನಗೆ ನಿಜವಾಗಿಯೂ ನೋವು ಕೊಡುತ್ತದೆ.

ನಮ್ಮ ಗುಡ್ಡೆಗೆ ಹಿಮ ಇಲ್ಲ, ನಿಜ. ಆದರೆ ನೀರು ಹಿಡಿದಿಡುವ ಕೆಲಸ ಅಲ್ಲೂ ನಡೆಯುತ್ತಿತ್ತು. ಘಟ್ಟದ ಕಾಡು ಹಿಡಿಯುತ್ತಿತ್ತು, ತೂತು ತೂತಿನ ಕೆಂಪು ಮುರಕಲ್ಲಿನ ನೆಲ ಹೀರಿಕೊಳ್ಳುತ್ತಿತ್ತು. ಎಲ್ಲಕ್ಕಿಂತ ಜಾಸ್ತಿ ಗದ್ದೆ. ಜೋರು ಮಳೆಯ ಆಟಿ ತಿಂಗಳಿಡೀ (ಜುಲೈ–ಆಗಸ್ಟ್) ಗದ್ದೆಯಲ್ಲಿ ನೀರು ನಿಂತಿರುತ್ತಿತ್ತು, ಇಂಗುತ್ತಾ ಬಾವಿಗೆ ಬರುತ್ತಿತ್ತು. ಮಳೆ ಬಿಟ್ಟ ಮೇಲೆ ಊರವರೆಲ್ಲ ಸೇರಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು. ಕಲ್ಲು, ಮಣ್ಣು, ಅಡಿಕೆ ಮರ ಇದ್ದರೆ ಸಾಕು. ಅಜ್ಜ ಸೊಂಟದ ಮಟ್ಟ ನೀರಲ್ಲಿ ನಿಂತು ಮಣ್ಣು ಮೆಟ್ಟುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಕಟ್ಟದಿಂದ ಸುಗ್ಗಿ ಬೆಳೆಗೂ ನೀರು, ಸುತ್ತಲಿನ ಬಾವಿಗಳಿಗೂ ನೀರು.

ಈಗ ನಮ್ಮ ಮನೆಯ ಕೆಳಗಿನ ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಸೈಟ್ ಮಾಡಿದ್ದಾರೆ. ತೋಡಿಗೆ ಎರಡೂ ಕಡೆ ಕಾಂಕ್ರೀಟ್ ಗೋಡೆ. ಜೂನ್‌ನಲ್ಲಿ ಬಿದ್ದ ಮಳೆ ಸಂಜೆಯೊಳಗೆ ಸಮುದ್ರ ಸೇರುತ್ತದೆ. ದುಡ್ಡು ಬೇಕಾದವರು ಗದ್ದೆ ಮಾರುತ್ತಾರೆ, ಅವರನ್ನು ಬೈದು ಏನು ಪ್ರಯೋಜನ? ಆದರೆ ಗದ್ದೆ ಹೋದರೆ ಬಾವಿಯೂ ಹೋಗುತ್ತದೆ ಅಂತ ಪಂಚಾಯತಿಯಲ್ಲಿ ಯಾರಾದರೂ ಎದ್ದು ನಿಂತು ಹೇಳಬೇಕಿತ್ತು, ಅಲ್ವಾ?

ಇದನ್ನೆಲ್ಲ ಮಗಳಿಗೆ ಇಳಿಯುವ ದಾರಿಯುದ್ದಕ್ಕೂ ಹೇಳಿದೆ. “ಹಾಗಾದರೆ ನಮ್ಮ ಗದ್ದೆ ಇದೆಯಾ?” ಅಂತ ಕೇಳಿದಳು. ಇದೆ. ಎರಡು ಮುಡಿ ಗದ್ದೆ (ಮುಡಿ ಅಂದರೆ ನಮ್ಮ ಕಡೆ ಗದ್ದೆಯ ಅಳತೆ), ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿಯನ್ನು ಮತ್ತೆ ಬೇಸಾಯಕ್ಕೆ ತರುವ ಆಂದೋಲನ ನಡೆದಾಗ ನಮ್ಮ ಕಡೆಯೂ ಕೆಲವರು ನೇಜಿ (ಭತ್ತದ ಸಸಿ) ನೆಟ್ಟಿದ್ದರು. ಅವರಲ್ಲೊಬ್ಬರ ಹತ್ತಿರ ತಮ್ಮ ಮಾತಾಡಿದ್ದಾನೆ. ಈ ಮಳೆಗಾಲಕ್ಕೆ ಉಳುತ್ತಾರಂತೆ. ಅಕ್ಕಿ ಅವರೇ ಇಟ್ಟುಕೊಳ್ಳಲಿ, ಬದು ಕಟ್ಟಿಸುವ ಖರ್ಚು ನನ್ನದು ಅಂದಿದ್ದೇನೆ.