ಕುರುಬೂರಿನ ದಾರಿಯ ಬಸ್ಸು

ಇವತ್ತು ಸಂಜೆ ತಿ. ನರಸೀಪುರದ ಬಸ್ಸಿಗೆ ಖೋ ಖೋ ಹುಡುಗಿಯರ ತಂಡವೊಂದು ಹತ್ತಿತು. ಹತ್ತಿದ್ದೇ ತಡ, ಗಲಾಟೆಯೋ ಗಲಾಟೆ. ಕಂಡಕ್ಟರೂ ನಗುತ್ತಲೇ ಗದರಿದರು.

ನನ್ನ ಪಕ್ಕ ಕುಳಿತವಳ ಮೊಣಕಾಲಿನ ಮೇಲೆ ಕೆಂಪು ಮಣ್ಣು ಮೆತ್ತಿತ್ತು. ಹಳೆಯ ಗಾಯದ ಹಕ್ಕಳೆ, ಅದರ ಪಕ್ಕದಲ್ಲೇ ಹೊಸದಾಗಿ ತರಚಿದ ಗುರುತು.

“ಉರಿಯುವುದಿಲ್ಲವೇನಮ್ಮ?”

“ಕಂಬದ ಹತ್ತಿರ ಡೈವ್ ಹೊಡೆದೆ ಅಕ್ಕ. ಅವಳು ಔಟಾದಳಲ್ಲ, ಸಾಕು.”

2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ಪಿನ ಫೈನಲ್. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಬಿ. ಚೈತ್ರಾ ಇದೇ ತಾಲ್ಲೂಕಿನ ಕುರುಬೂರಿನವರು. ಮೆರವಣಿಗೆ, ಹಾರ, ಫೋಟೊ ಎಲ್ಲ ಆಮೇಲಿನ ಮಾತು. ಅದಕ್ಕೂ ಮೊದಲು ಎಷ್ಟು ಸಂಜೆಗಳ ಮಣ್ಣು ಮೈಗೆ ಹತ್ತಿರಬೇಕು! ಜೊತೆಗೆ ಆಡಿ, ಮದುವೆಯಾಗಿಯೋ ಕೆಲಸ ಸಿಕ್ಕಿಯೋ ಬಿಟ್ಟುಹೋದವರ ಹೆಸರನ್ನು ಯಾರು ಬರೆದಿಡುತ್ತಾರೆ? ಕ್ರಿಕೆಟ್ಟಾದರೆ ಹನ್ನೆರಡನೆಯ ಆಟಗಾರನ ಜಾತಕವೂ ನಮಗೆ ಬಾಯಿಪಾಠ.

ಬಸ್ಸಿನ ಈ ಹುಡುಗಿಯರ ಮುಂದಿನ ಪಂದ್ಯ ಮಂಡ್ಯದಲ್ಲಂತೆ. ನೋಡಲು ಬರುವವರಿದ್ದರೆ ಹೇಳಿ, ಜೊತೆಗೆ ಹೋಗೋಣ. ಶಿಳ್ಳೆ ಹೊಡೆಯಲು ಬರುವವರಿಗೆ ಮೊದಲ ಆದ್ಯತೆ.