ಬೋರ್‌ವೆಲ್ ಊರಿನಿಂದ ಫಿಯೋರ್ಡ್‌ಗೆ: ಹೇಗೆ ಹೋಗೋದು ಅಂತ ನಾಲ್ಕು ತಿಂಗಳು ಜಗಳ

ನಾರ್ವೆಗೆ ಹೋಗೋಣ ಅಂತ ತೀರ್ಮಾನ ಆಗಿದ್ದು ಒಂದೇ ಸಂಜೆಯಲ್ಲಿ. ಹೇಗೆ ಹೋಗೋದು ಅಂತ ತೀರ್ಮಾನ ಆಗಲು ನಾಲ್ಕು ತಿಂಗಳು ಬೇಕಾಯಿತು.

ನಾವು ಮೂವರು. ನಾನು, ಗಂಡ, ನನ್ನ ಅಮ್ಮ. ಅಮ್ಮನಿಗೆ 68. ಮಂಡಿ ವೀಕು, ಬಾಯಿ ಜೋರು. ಮನೆ ಕೋಲಾರದಲ್ಲಿ, ಮಾವಿನ ತೋಟ ಶ್ರೀನಿವಾಸಪುರದ ಕಡೆ. ಗಂಡ ಕೆ.ಜಿ.ಎಫ್.ನವರು, ಅವರಪ್ಪ ಗಣಿಯಲ್ಲಿ ಕೆಲಸ ಮಾಡಿದವರು. ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಪ್ರವಾಸ ಯಾವ ತರ ಇರಬೇಕು ಅಂತ ಕೊನೆಗೆ ನಿರ್ಧಾರ ಮಾಡಿದ್ದು ಇವೇ. ಹಣ ಆಮೇಲೆ ಬಂತು.

ಮೊದಲ ದಿನ ಅಮ್ಮನಿಗೆ ಸೋಗ್ನ ಫಿಯೋರ್ಡಿನ ಒಂದು ವಿಡಿಯೊ ತೋರಿಸಿದೆ. ಫಿಯೋರ್ಡ್ ಅಂದ್ರೆ ಬೆಟ್ಟಗಳ ನಡುವೆ ಒಳನಾಡಿಗೆ ನುಗ್ಗಿದ ಸಮುದ್ರ, ಇದು 205 ಕಿಲೋಮೀಟರ್ ಒಳಗೆ ನುಗ್ಗಿದೆ, ಅಂದ್ರೆ ಹೆಚ್ಚುಕಮ್ಮಿ ಕೋಲಾರದಿಂದ ಮೈಸೂರಿನಷ್ಟು ದೂರ ಅಂದೆ. ಅಮ್ಮ ಅದಕ್ಕೆ ತಲೆನೇ ಕೆಡಿಸಿಕೊಳ್ಳಲಿಲ್ಲ. "ಆಳ ಎಷ್ಟು?" ಅಂದಳು. 1,308 ಮೀಟರ್. "ಮೀಟರ್ ಬೇಡ, ಅಡಿಲಿ ಹೇಳು." ಫೋನಿನಲ್ಲಿ ಲೆಕ್ಕ ಹಾಕಿ 4,291 ಅಡಿ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ತೋಟದಲ್ಲಿ ಕೊನೆಯ ಬೋರು 1,350 ಅಡಿಗೆ ಹೋಗಿ ಬರೀ ಧೂಳು ಕಕ್ಕಿತ್ತು. ಆ ಬಿಳಿ ಧೂಳು ನನ್ನ ಕಣ್ಣ ಮುಂದೆ ಈಗಲೂ ಇದೆ, ಪಕ್ಕದ ಗಿಡಗಳ ಎಲೆಯೆಲ್ಲ ಹಿಟ್ಟು ಹಾಕಿದ ಹಾಗೆ ಆಗಿತ್ತು. "ಅಷ್ಟೂ ನೀರೇನಾ?" ಅಂದಳು. ಹೌದು, ಆದರೆ ಉಪ್ಪು ನೀರು ಅಂದೆ. "ಥೂ" ಅಂದಳು. ಆಮೇಲೆ, "ಸರಿ, ಆದ್ರೂ ನೋಡಬೇಕು."

ಗಂಡ ಪಕ್ಕದಲ್ಲೇ ಇದ್ದವರು, "ನಮ್ಮ ಚಾಂಪಿಯನ್ ರೀಫ್ ಗಣಿ 3,200 ಮೀಟರ್, ನಮ್ಮಪ್ಪನ ಕಾಲದವರು ಅಷ್ಟು ಕೆಳಗೆ ಇಳಿದು, ಕೆಲಸ ಮುಗಿಸಿ, ಸಂಜೆ ಮನೆಗೆ ಬಂದು ಮುದ್ದೆ ಉಣ್ತಿದ್ರು" ಅಂದರು. ಕೆ.ಜಿ.ಎಫ್.ನವರ ಹತ್ತಿರ ಆಳದ ಮಾತು ತೆಗೀಬಾರದು.

ಮೊದಲ ತಪ್ಪು ಬೇಸಿಗೆ ಅನ್ನೋ ಪದದಲ್ಲೇ ಆಯಿತು. ನಮಗೆ ಬೇಸಿಗೆ ಅಂದ್ರೆ ಏಪ್ರಿಲ್-ಮೇ. ಶಾಲೆಗೆ ರಜೆ, ಟೂರ್‌ನವರ ಜಾಹೀರಾತು, ಎಲ್ಲ ಆಗಲೇ. ನಾರ್ವೆಯಲ್ಲಿ ಏಪ್ರಿಲ್ ಅಂದ್ರೆ ಬೆಟ್ಟದ ರಸ್ತೆಗಳ ಮೇಲೆ ಇನ್ನೂ ಹಿಮ. ಹನ್ನೊಂದು ತಿರುವಿನ ಟ್ರೋಲ್‌ಸ್ಟಿಗೆನ್ ರಸ್ತೆಯನ್ನು ಫೋಟೋದಲ್ಲಿ ಎಲ್ಲರೂ ನೋಡಿರುತ್ತೀರಿ, ಅದು ಚಳಿಗಾಲವಿಡೀ ಮುಚ್ಚಿದ್ದು ಮೇ ಕೊನೆಯ ಹೊತ್ತಿಗೆ ತೆರೆಯುವಂಥದ್ದು. ಅಲ್ಲಿನ ಬೇಸಿಗೆ ಜೂನ್, ಜುಲೈ, ಆಗಸ್ಟ್. ಆದರೆ ಇಲ್ಲೂ ಒಂದು ಕೊಕ್ಕೆ ಇದೆ: ಜಲಪಾತಗಳು ಮೈತುಂಬಿ ಇರೋದು ಹಿಮ ಕರಗುವ ಮೇ-ಜೂನ್‌ನಲ್ಲಿ. ಗೈರಾಂಗರ್ ಫಿಯೋರ್ಡಿನ 'ಏಳು ಅಕ್ಕತಂಗಿಯರು' ಜಲಪಾತ ಆಗಸ್ಟ್ ಹೊತ್ತಿಗೆ ಸೊರಗುತ್ತದೆ, ಏಳು ಜನರಲ್ಲಿ ಕೆಲವರು ಕಾಣೋದೇ ಇಲ್ಲ. ಮೇ ಕೊನೆಯಲ್ಲಿ ಹೋದರೆ ಹಾರ್ಡಾಂಗರ್ ಕಡೆ ಸೇಬಿನ ತೋಟಗಳು ಹೂ ಬಿಟ್ಟಿರುತ್ತವೆ, ಕೆಳಗೆ ಹೂ, ಮೇಲೆ ಹಿಮ. ನಾನು ಅದಕ್ಕೇ ಆಸೆ ಪಟ್ಟಿದ್ದೆ. ಆದರೆ ಮೇ ಕೊನೆಗೆ ನಮ್ಮ ತೋಟದಲ್ಲಿ ಬಾದಾಮಿ ಮಾವಿನ ಕೊಯ್ಲು, ಜೂನ್‌ನಲ್ಲಿ ತೋತಾಪುರಿ, ಅದು ಮುಗಿಯೋ ಹೊತ್ತಿಗೆ ಜುಲೈ ಅರ್ಧ. ಬೇರೆಯವರ ತೋಟದ ಹೂ ನೋಡಲು ನಮ್ಮ ಹಣ್ಣು ಬಿಟ್ಟು ಹೋಗ್ತಾರಾ ಅಂತ ಅಮ್ಮ ಕೇಳಿದ ಮೇಲೆ ಆಗಸ್ಟ್ ಅಂತ ಆಯಿತು.

ಅಕ್ಕಪಕ್ಕದವರ ಸಲಹೆ ಒಂದೇ: ಗ್ರೂಪ್ ಟೂರ್ ಹಿಡೀರಿ. ವೀಸಾ ಕಾಗದ ಅವರೇ ನೋಡ್ಕೊಳ್ತಾರೆ, ಜೊತೆಗೆ ಅಡುಗೆಯವರು ಇರ್ತಾರೆ, ಅನ್ನ-ಸಾರು ಸಿಗುತ್ತೆ. ನಿಜ, ಇದನ್ನು ನಾನು ಹಗುರವಾಗಿ ಮಾತಾಡಲ್ಲ. ಮೊದಲ ಸಲ ವಿಮಾನ ಹತ್ತುವವರಿಗೆ, ಇಂಗ್ಲಿಷ್ ಕಷ್ಟ ಆಗುವವರಿಗೆ ಅದು ದೊಡ್ಡ ಧೈರ್ಯ. ಬೆಂಗಳೂರಿನಲ್ಲಿ ಎರಡು ಕಡೆ ಹೋಗಿ ಕಾರ್ಯಕ್ರಮದ ಪಟ್ಟಿ ತಂದೆ. ಎಂಟು-ಒಂಬತ್ತು ದಿನ, ಮೂರು ದೇಶ: ಸ್ಟಾಕ್‌ಹೋಮ್, ಕೋಪನ್‌ಹೇಗನ್, ಓಸ್ಲೊ. ಫಿಯೋರ್ಡ್ ಎಲ್ಲಿ ಅಂತ ಹುಡುಕಿದೆ. ಒಂದು ದಿನ. ಅದರಲ್ಲೂ ದೋಣಿಯ ಮೇಲೆ ಎರಡು ಗಂಟೆ. ಮಿಕ್ಕಿದ್ದೆಲ್ಲ ಬಸ್ಸು, ಅರಮನೆ, ಫೋಟೋ ಸ್ಟಾಪ್, ಬೆಳಿಗ್ಗೆ ಆರೂವರೆಗೆ ಬ್ಯಾಗು ರೂಮಿನ ಹೊರಗೆ.

ಬೆಳಿಗ್ಗೆ ಆರೂವರೆ ಅಂದ ತಕ್ಷಣ ಅಮ್ಮನ ಮುಖ ಬದಲಾಯಿತು. ಆರು ವರ್ಷದ ಹಿಂದೆ ಅವಳು ಕಾಶಿ-ಗಯಾ ಟೂರ್‌ಗೆ ಹೋಗಿದ್ದಳು. ಯಾರ ಟೂರು ಅನ್ನೋದು ಬೇಡ, ಬಿಡಿ. ಗಯಾದಲ್ಲಿ ಅಪ್ಪನ ಪಿಂಡ ಇಡಬೇಕಿತ್ತು, ಬಸ್ಸು ಮೂರು ಗಂಟೆ ತಡ ಆಗಿ ತಲುಪಿ ನಲವತ್ತು ನಿಮಿಷ ಕೊಟ್ಟರು. ಪುರೋಹಿತರು ಮಂತ್ರ ಹೇಳ್ತಿದ್ದಾಗ ಹೊರಗಿನಿಂದ ಸೀಟಿ ಊದುತ್ತಿದ್ದರಂತೆ. ಅಮ್ಮ ಇವತ್ತಿಗೂ ಸೀಟಿ ಸದ್ದು ಕೇಳಿದರೆ "ಬಂದ ನೋಡು ಗಯಾದವನು" ಅಂತಾಳೆ.

ಆದರೆ ಗ್ರೂಪ್ ಟೂರ್ ನಾನು ಬಿಟ್ಟಿದ್ದು ಸೀಟಿಗೆ ಹೆದರಿ ಅಲ್ಲ. ಮೋಡಕ್ಕೆ ಹೆದರಿ. ಫಿಯೋರ್ಡುಗಳ ಪಕ್ಕದ ಬರ್ಗನ್ ಊರಿನಲ್ಲಿ ವರ್ಷಕ್ಕೆ 200 ದಿನಕ್ಕಿಂತ ಜಾಸ್ತಿ ಮಳೆ. ನಮಗೆ ವರ್ಷಪೂರ್ತಿ ಬೀಳುವ ಏಳುನೂರು ಚಿಲ್ಲರೆ ಮಿಲಿಮೀಟರಿನ ಮೂರು ಪಟ್ಟು ಅಲ್ಲಿ ಬೀಳುತ್ತೆ. ಫಿಯೋರ್ಡಿನ ಮೇಲೆ ಮೋಡ ಇಳಿದು ಕೂತರೆ ಬೆಟ್ಟ ಇಲ್ಲ, ಜಲಪಾತ ಇಲ್ಲ, ಬೂದಿ ಬಣ್ಣದ ನೀರು ಮಾತ್ರ. ನಂದಿ ಬೆಟ್ಟಕ್ಕೆ ಡಿಸೆಂಬರ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗಿ, ಗೇಟಿನ ಮುಂದೆ ಕಾರುಗಳ ಸಾಲಿನಲ್ಲಿ ಕಾದು, ಮೇಲೆ ಹತ್ತಿದ ಮೇಲೆ ಎದುರಿನ ಬೋಂಡಾ ಅಂಗಡಿ ಬಿಟ್ಟು ಏನೂ ಕಾಣದೆ ವಾಪಸ್ ಬಂದವರಿಗೆ ಇದು ಅರ್ಥ ಆಗುತ್ತೆ. ನಂದಿಗೆ ಮುಂದಿನ ಭಾನುವಾರ ಮತ್ತೆ ಹೋಗಬಹುದು. ನಾರ್ವೆಗೆ? ಇಡೀ ಪ್ರವಾಸದಲ್ಲಿ ಫಿಯೋರ್ಡ್‌ಗೆ ಒಂದೇ ದಿನ ಇಟ್ಟುಕೊಂಡು ಹೋಗೋದು ಲಾಟರಿ ಟಿಕೆಟ್ ತಗೊಂಡ ಹಾಗೆ. ಅಲ್ಲೇ ನಾಲ್ಕು ದಿನ ಕೂತರೆ ಎರಡು ದಿನ ಆದ್ರೂ ಬಿಸಿಲು ಬೀಳುತ್ತೆ ಅನ್ನೋದು ನನ್ನ ಲೆಕ್ಕ. ಈ ಒಂದು ವಿಷಯ ತಲೆಗೆ ಬಂದ ಮೇಲೆ ಮಿಕ್ಕ ಜಗಳ ಬೇಗ ಬಗೆಹರಿಯಿತು.

ದೊಡ್ಡ ಕ್ರೂಸ್ ಹಡಗು ಗಂಡನ ಆಸೆ. ಜರ್ಮನಿಯ ಕೀಲ್ ಅಥವಾ ಹ್ಯಾಂಬರ್ಗ್‌ನಿಂದ ಹೊರಟು ಏಳು ರಾತ್ರಿ. ಬ್ಯಾಗು ಒಂದೇ ಸಲ ಬಿಚ್ಚಿದರೆ ಸಾಕು, ಮಂಡಿ ನೋವಿನವರಿಗೆ ಲಿಫ್ಟು, ಊಟ ಟಿಕೆಟ್‌ನಲ್ಲೇ. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಹೊರಡುವುದಾದರೆ ಮಾತ್ರ ನಮಗೆ ಎರಡು ವೀಸಾ ಬೇಕು, ಬ್ರಿಟನ್ನಿನದು ಬೇರೆ, ನಾರ್ವೆ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಬೇರೆ. ಇದನ್ನು ಗಮನಿಸದೆ ಅಗ್ಗ ಅಂತ ಬುಕ್ ಮಾಡಬೇಡಿ. ನನಗೆ ಹಿಡಿಸದಿದ್ದು ಬೇರೆ. ಗೈರಾಂಗರ್ ಹಳ್ಳಿಯಲ್ಲಿ ವರ್ಷವಿಡೀ ಇರೋರು ಇನ್ನೂರೈವತ್ತು ಜನರ ಆಸುಪಾಸು. ಅಲ್ಲಿಗೆ ಒಂದು ಹಡಗಿನಿಂದ ಎರಡು-ಮೂರು ಸಾವಿರ ಜನ ಒಟ್ಟಿಗೆ ಇಳಿದರೆ ಅದು ಜಾತ್ರೆ. ಜಾತ್ರೆಗೆ ಹೋಗಬೇಕಾದರೆ ನಮಗೆ ಆವಣಿ ಇದೆ, ಮುಳಬಾಗಿಲು ದಾಟಿಯೂ ಹೋಗಬೇಕಾಗಿಲ್ಲ. ಆ ದೇಶದವರಿಗೂ ಹಡಗುಗಳ ಹೊಗೆ ಸಾಕಾಗಿದೆ: 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಗೈರಾಂಗರ್ ಮತ್ತು ನೇರೋಯ್ ಫಿಯೋರ್ಡುಗಳ ಒಳಗೆ 2026ರಿಂದ ಚಿಕ್ಕ ಪ್ರಯಾಣಿಕ ಹಡಗುಗಳು ಹೊಗೆ ಬಿಡದೆ ಓಡಬೇಕು, ಹತ್ತು ಸಾವಿರ ಟನ್ ದಾಟಿದ ದೊಡ್ಡವಕ್ಕೆ 2032ರವರೆಗೆ ಗಡುವು.

ಹರ್ಟಿಗ್ರೂಟನ್ ಅಂತ ಇನ್ನೊಂದಿದೆ. 1893ರಲ್ಲಿ ಅಂಚೆ-ಸಾಮಾನು ಸಾಗಿಸಲು ಶುರುವಾದ ಹಡಗು, ಬರ್ಗನ್‌ನಿಂದ ಉತ್ತರದ ತುದಿಯ ಕಿರ್ಕೆನೆಸ್‌ವರೆಗೆ 34 ಬಂದರು, ಹೋಗಿ ಬರಲು ಹನ್ನೆರಡು ದಿನ. ಅದು ಕರಾವಳಿ ನೋಡುವವರಿಗೆ. ನಮ್ಮ ಜೇಬಿಗೂ ಅಲ್ಲ.

ಬಾಡಿಗೆ ಕಾರು? ನಾಲ್ಕು ಜನ ಗಟ್ಟಿಮುಟ್ಟಾದವರು ಇದ್ದರೆ ನಾನು ಇದನ್ನೇ ಹೇಳ್ತಿದ್ದೆ. ಬೇಕಾದ ಕಡೆ ನಿಲ್ಲಿಸಬಹುದು, ಮೋಡ ಬಂದರೆ ಪಕ್ಕದ ಕಣಿವೆಗೆ ಹೋಗಬಹುದು, ಟೋಲ್‌ನಲ್ಲಿ ನಿಲ್ಲಬೇಕಾಗಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ನೋಡಿ ಲೆಕ್ಕ ಹಾಕುತ್ತೆ. ಟೆಂಟ್ ಇದ್ದರೆ ಇನ್ನೂ ಅಗ್ಗ, ಮನೆಗಳಿಂದ 150 ಮೀಟರ್ ದೂರ ಇದ್ದು ಸಾಗುವಳಿ ಇಲ್ಲದ ಬಯಲು ಜಾಗದಲ್ಲಿ ಯಾರನ್ನೂ ಕೇಳದೆ ಹಾಕಿಕೊಳ್ಳಬಹುದು, 1957ರ ಕಾನೂನೇ ಇದೆ. ಆದರೆ ಅಲ್ಲಿ ಗಾಡಿ ಬಲಕ್ಕೆ ಓಡಿಸಬೇಕು. ನಮ್ಮವರು ಒಂದು ವಾರ "ಬಲ, ಬಲ" ಅಂತ ಗೊಣಗುತ್ತಾ ಅಭ್ಯಾಸ ಮಾಡಿದರು, ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ಕಾರು ಮಾಡಿಕೊಂಡು ರೌಂಡ್ ಹಾಕಿಸಿದರು, ಮೂರನೇ ಸುತ್ತಿನಲ್ಲಿ ಉಪ್ಪಿನ ಡಬ್ಬಿ ಸಾರಿನ ಪಾತ್ರೆಗೆ ಗುದ್ದಿತು. ಅದಕ್ಕಿಂತ ಹೆಚ್ಚಾಗಿ ಲೇರ್ಡಾಲ್ ಸುರಂಗ. 24.5 ಕಿಲೋಮೀಟರ್, ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ. ಓಡಿಸುವವರಿಗೆ ಮಂಕು ಕವಿಯಬಾರದು ಅಂತ ನಡುನಡುವೆ ನೀಲಿ ದೀಪ ಹಾಕಿದ ಅಗಲವಾದ ಗುಹೆ ಮಾಡಿದ್ದಾರೆ. ಗಂಡ ಇದನ್ನು ಕೇಳಿ ಖುಷಿಯಾದರು. "ನಾನು ಬರಲ್ಲ" ಅಂದಳು ಅಮ್ಮ. ಮುಗಿಯಿತು.

ಉಳಿದಿದ್ದು ರೈಲು ಮತ್ತು ದೋಣಿ. ಎಲ್ಲರೂ ಮಾಡುವ ದಾರಿ ಒಂದಿದೆ. ಓಸ್ಲೊ-ಬರ್ಗನ್ ರೈಲಿನಲ್ಲಿ ಮಿರ್ಡಾಲ್‌ವರೆಗೆ ಬಂದು, ಅಲ್ಲಿಂದ ಫ್ಲೋಮ್ ರೈಲಿನಲ್ಲಿ ಕೆಳಗಿಳಿದು, ಫ್ಲೋಮ್‌ನಿಂದ ಗುಡ್‌ವಾಂಗೆನ್‌ಗೆ ದೋಣಿ, ಆಮೇಲೆ ವೊಸ್‌ಗೆ ಬಸ್ಸು, ಮತ್ತೆ ರೈಲು. ಗಟ್ಟಿಗರು ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ಒಂದೇ ದಿನ ಅಂದ್ರೆ ಮತ್ತೆ ಅದೇ ಲಾಟರಿ, ಅಲ್ವಾ? ನಾವು ಅದನ್ನೇ ಬಿಡಿಸಿ ಹರಡಿಕೊಂಡೆವು.

ಬರ್ಗನ್‌ನಿಂದ ಸೋಗ್ನ ಫಿಯೋರ್ಡಿನ ಒಳಗೆ ಒಂದು ವೇಗದ ದೋಣಿ ಓಡುತ್ತದೆ. ಬೇಸಿಗೆಯಲ್ಲಿ ಫ್ಲೋಮ್‌ವರೆಗೂ ಹೋಗುತ್ತೆ, ಐದು ಗಂಟೆ ಮೇಲೆ ಹಿಡಿಯುತ್ತೆ. ಇದು ಟೂರಿಸ್ಟ್ ದೋಣಿ ಮಾತ್ರ ಅಲ್ಲ. ದಾರಿಯ ಹಳ್ಳಿಗಳಲ್ಲಿ ನಿಂತು ಜನರನ್ನು ಇಳಿಸಿ ಹತ್ತಿಸಿ ಹೋಗುತ್ತದೆ. ಇದರ ವಿಡಿಯೊ ನೋಡಿ ಅಮ್ಮ ಹೇಳಿದ್ದು: "ಇದು ನಮ್ಮ ಕೆಂಪು ಬಸ್ಸು ಕಣೆ." ನನಗೆ ಫಿಯೋರ್ಡ್ ಅರ್ಥ ಆಗಿದ್ದು ಅವತ್ತು. ಅದು ನಿಂತು ನೋಡುವ ಪಾಯಿಂಟ್ ಅಲ್ಲ, ಅಲ್ಲಿನವರಿಗೆ ಅದು ರಸ್ತೆ. ಹಿಮನದಿ ಲಕ್ಷಾಂತರ ವರ್ಷ ಕೊರೆದ ಹಳ್ಳಕ್ಕೆ ಸಮುದ್ರ ನುಗ್ಗಿತು, ಎರಡೂ ಕಡೆ ಬಂಡೆ ನೆಟ್ಟಗೆ ನಿಂತಿದೆ, ಊರು ಕಟ್ಟಲು ಜಾಗ ಇದ್ದದ್ದು ನೀರಿನ ಅಂಚಿನಲ್ಲಿ ಮಾತ್ರ, ಹಾಗಾಗಿ ಓಡಾಟವೆಲ್ಲ ನೀರಿನ ಮೇಲೆ.

ಕೊನೆಗೆ ಆದದ್ದು ಹೀಗೆ. ಬರ್ಗನ್‌ನಲ್ಲಿ ಎರಡು ರಾತ್ರಿ. ಅಲ್ಲಿಂದ ಆ ದೋಣಿಯಲ್ಲಿ ಬಾಲೆಸ್ಟ್ರಾಂಡ್ ಅನ್ನುವ ಹಳ್ಳಿ, ನಾಲ್ಕು ರಾತ್ರಿ. ಅಡುಗೆಮನೆ ಇರುವ ಒಂದು ಚಿಕ್ಕ ಮನೆ ಸಿಕ್ಕಿದೆ, ದೋಣಿ ನಿಲ್ದಾಣದಿಂದ ಏರು ಇಲ್ಲ ಅಂತ ಎರಡು ಸಲ ಪತ್ರ ಬರೆದು ಖಾತ್ರಿ ಮಾಡಿಕೊಂಡೆ. ಬಿಸಿಲಿದ್ದ ದಿನ ಫಿಯರ್‌ಲಾಂಡ್ ಕಡೆಗೆ. ಅಲ್ಲಿ ಹಿಮನದಿಯ ಮ್ಯೂಸಿಯಂ ಇದೆ, ಹಳ್ಳಿ ತುಂಬ ಹಳೇ ಪುಸ್ತಕದ ಅಂಗಡಿಗಳಿವೆ. ಮಳೆ ಇದ್ದ ದಿನ ಕಿಟಕಿ ಪಕ್ಕ ಕೂತು ಮೋಡ ಏಳೋದನ್ನು ನೋಡೋದು. ಆಮೇಲೆ ಫ್ಲೋಮ್, ಎರಡು ರಾತ್ರಿ. ನೇರೋಯ್ ಫಿಯೋರ್ಡಿನ ದೋಣಿ ಇಲ್ಲಿಂದಲೇ. ಅದರ ಅತಿ ಇಕ್ಕಟ್ಟಿನ ಜಾಗ 250 ಮೀಟರ್, ಆಚೀಚೆ ಬೆಟ್ಟ 1,700 ಮೀಟರ್ ದಾಟುತ್ತೆ. ನಂದಿ ಬೆಟ್ಟವೂ 1,478 ಇದೆಯಲ್ಲ ಅನ್ನಬೇಡಿ. ಚಿಕ್ಕಬಳ್ಳಾಪುರವೇ ಒಂಬೈನೂರು ಮೀಟರ್ ಎತ್ತರದಲ್ಲಿದೆ, ನಮ್ಮ ಕಣ್ಣಿಗೆ ಬೀಳೋದು ಮಿಕ್ಕಿದ್ದು ಅಷ್ಟೇ. ಅಲ್ಲಿ ನೀರಿನಿಂದಲೇ ಶುರು.

ಫ್ಲೋಮ್ ರೈಲು ಗಂಡನ ಪಾಲಿಗೆ. 20 ಕಿಲೋಮೀಟರಿನಲ್ಲಿ ಸಮುದ್ರ ಮಟ್ಟದಿಂದ 867 ಮೀಟರ್ ಮೇಲೆ ಏರುತ್ತದೆ. 1923ರಲ್ಲಿ ಕೆಲಸ ಶುರುವಾಗಿ ರೈಲು ಓಡಿದ್ದು 1940ರಲ್ಲಿ. 20 ಸುರಂಗಗಳಲ್ಲಿ 18 ಸುರಂಗ ಕೈಯಲ್ಲೇ ಕೊರೆದದ್ದು. ಕ್ರೂಸ್ ಆಸೆ ಬಿಟ್ಟುಕೊಟ್ಟದ್ದಕ್ಕೆ ಇದು ಪರಿಹಾರ. ಅಲ್ಲಿಂದ ಬರ್ಗನ್ ರೈಲು ಹಿಡಿದು 1,222 ಮೀಟರ್ ಎತ್ತರದ ಫಿನ್ಸೆ ದಾಟಿ ಓಸ್ಲೊ, ಒಂದು ರಾತ್ರಿ, ಮನೆಗೆ.

ಖರ್ಚು ಗ್ರೂಪ್ ಟೂರ್‌ಗಿಂತ ಕಮ್ಮಿ ಏನೂ ಆಗಲಿಲ್ಲ, ಸುಳ್ಳು ಹೇಳಲ್ಲ. ಅಲ್ಲಿ ಸಾಧಾರಣ ಹೋಟೆಲಿನಲ್ಲೂ ಒಂದು ತಟ್ಟೆ ಊಟ 200 ಕ್ರೋನ್ ದಾಟುತ್ತೆ, ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ ಎರಡು ಸಾವಿರ. ಅಡುಗೆಮನೆ ಇರುವ ಮನೆ ಹಿಡಿದದ್ದು ಅದಕ್ಕೇ. ರೈಲು ಟಿಕೆಟ್ ಮುಂಚೆ ತಗೊಂಡರೆ ತುಂಬ ಅಗ್ಗ. ವೀಸಾಗೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು, ಶುಲ್ಕ ತಲಾ 90 ಯೂರೊ, ಕನಿಷ್ಠ 30,000 ಯೂರೊ ವಿಮೆ ಬೇಕು. ಬೇಗ ಮಾಡಿ, ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ.

ಈಗ ಮನೆಯಲ್ಲಿ ನಡೀತಿರೋದು ಬ್ಯಾಗಿನ ಜಗಳ. ರಾಗಿ ಹಿಟ್ಟು, ಹುರಿಗಡಲೆ ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ ಆಯಿತು. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ ಅಂತ ನಾರ್ವೆಯ ನಿಯಮ. ಹಾಗಾಗಿ ತುಪ್ಪದ ಡಬ್ಬಿ ಹೊರಗೆ ತೆಗೆದಿಟ್ಟೆ. ನಿನ್ನೆ ರಾತ್ರಿ ನೋಡಿದರೆ ಅದು ಅಮ್ಮನ ಸೀರೆಗಳ ಮಧ್ಯೆ ಮತ್ತೆ ಬೆಚ್ಚಗೆ ಕೂತಿತ್ತು.